ಹಿಂದಕ್ಕೆ ಬೆಳೆಯುವ ಹಳ್ಳ

ಅಪ್ಪನ ಜಮೀನಿನಲ್ಲಿ ತನಗೆ ಬರಬೇಕಾದ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಸಹಿ ಹಾಕಲು ಭಾಗ್ಯ ಮಲ್ಲೇಶ್ವರಂನ ಅವನ ಮನೆಗೆ ಬಂದಿದ್ದಳು. ಅಣ್ಣ ಮಂಜುನಾಥ್ ಕಾರು ಹೊರತೆಗೆಯುವಷ್ಟರಲ್ಲಿ, ಅವನ ಮಗಳು ಯಶಶ್ರೀಯನ್ನು ಮಾತಾಡಿಸಿ ಬರೋಣವೆಂದು ತಾರಸಿ ಹತ್ತಿದಳು.

ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ಯಶಶ್ರೀ, ಮಂಚದಗಲದ ತಟ್ಟೆಯಲ್ಲಿ ನುಣ್ಣನೆಯ ಮರಳಿನ ಬೆಟ್ಟ ಕಟ್ಟಿ ಅದರ ಮೇಲೆ ತುಂತುರು ನೀರು ಬಿಟ್ಟಿದ್ದಳು.

"ಪಿಎಚ್‌ಡಿ ಅಂದ್ರೆ ಮರಳಾಟನೇನೇ? ಮೊದಲೇ ಹೇಳಿದ್ರೆ ನಾನೂ ಸೇರ್ಕೋತಿದ್ದೆ."

"ಬೆಟ್ಟದಲ್ಲಿ ನದಿಗಳು ಹೆಂಗೆ ಹುಟ್ತವೆ ಅಂತ ನೋಡ್ತಿದೀನಿ ಅತ್ತೆ. ಇಲ್ಲಿ ನೋಡಿ, ದಿಣ್ಣೆ ಆಚೆ ಒಂದು ಹಳ್ಳ, ಈಚೆ ಒಂದು. ಈಚೆ ಇಳಿಜಾರು ಜಾಸ್ತಿ. ಅದಕ್ಕೆ ಈಚೆ ಹಳ್ಳ ಮಣ್ಣು ಕೊರೀತಾ ಕೊರೀತಾ ಹಿಂದಕ್ಕೆ, ಮೇಲಕ್ಕೆ ಬೆಳೆಯುತ್ತೆ."

ಭಾಗ್ಯ ಬಗ್ಗಿದಳು. ದಿಣ್ಣೆ ತೆಳ್ಳಗಾಗುತ್ತಾ ಬಂದಿತ್ತು. ನೋಡುತ್ತಿದ್ದಂತೆಯೇ ಅದರ ನೆತ್ತಿ ಕುಸಿಯಿತು. ಆಚೆ ಹರಿಯುತ್ತಿದ್ದ ನೀರು ಥಟ್ಟನೆ ತಿರುಗಿ ಈಚೆಯ ಹಳ್ಳಕ್ಕೆ ಧುಮುಕಿತು.

"ಸಿಕ್ತು!" ಯಶಶ್ರೀ ಚಪ್ಪಾಳೆ ತಟ್ಟಿದಳು. "ಇದಕ್ಕೇ ಕಾಯ್ತಿದ್ದೆ."

"ಅಯ್ಯೋ, ಆ ಕಡೇದು ಏನು ತಪ್ಪು ಮಾಡಿತ್ತು?"

"ತಪ್ಪೇನಿಲ್ಲ ಅತ್ತೆ. ಅದರ ಕಡೆ ಇಳಿಜಾರು ಕಮ್ಮಿ, ಅಷ್ಟೇ."

"ಈಗ ಅದರ ಗತಿ?"

"ಕಣಿವೆ ಹಂಗೇ ಇರುತ್ತೆ. ಮೇಲಿನ ನೀರು ಬರಲ್ಲ."

ಕೆಳಗಿನಿಂದ ಹಾರ್ನ್ ಕೇಳಿಸಿತು. "ಭಾಗ್ಯಾ, ಬೇಗ ಬಾರಮ್ಮ! ರಿಜಿಸ್ಟ್ರಾರ್ ಆಫೀಸಲ್ಲಿ ಟೋಕನ್ ತಪ್ಪೋಗುತ್ತೆ!"

ಭಾಗ್ಯ ಕದಲಲಿಲ್ಲ. ಆಚೆಯ ಹಳ್ಳದ ತಳದಲ್ಲಿ ಒದ್ದೆ ಮರಳಿನ ಹೊಳಪು ಆರುತ್ತಿತ್ತು.

"ಇದನ್ನ ನಿನ್ನ ತಮ್ಮನಿಗೆ ತೋರಿಸಿದೀಯಾ?"

"ಅಭಿನಂದನ್‌ಗಾ? ಅವನಿಗೆ ಇದೆಲ್ಲ ಯಾಕೆ?"

"ನಿಮ್ಮಪ್ಪ ಇವತ್ತು ನನಗೆ ರೇಷ್ಮೆ ಸೀರೆ ಉಡಿಸಿ ಸಹಿಗೆ ಕರೀತಿದಾನೆ. ನಾಳೆ ನಿನ್ನ ತಮ್ಮನೂ ನಿನಗೊಂದು ಸೀರೆ ತರ್ತಾನಲ್ಲ."

ಯಶಶ್ರೀಯ ನಗು ಅರ್ಧಕ್ಕೇ ನಿಂತಿತು. ನೀರಿನ ನಲ್ಲಿ ನಿಲ್ಲಿಸಲು ಚಾಚಿದ ಕೈಯನ್ನು ಅಲ್ಲೇ ತಡೆದಳು. ಈ ಜಮೀನಿನ ವಿಷಯ ಮನೆಯಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಅತ್ತೆ ಒಪ್ಪಿದ್ದಾಳೆ ಎಂದು ಅಪ್ಪ ಹೇಳಿದ್ದ. ಅತ್ತೆಯನ್ನು ಯಾರಾದರೂ ಕೇಳಿದ್ದರೇ ಎಂದು ಅವಳು ಯೋಚಿಸಿರಲಿಲ್ಲ.

ಮತ್ತೆ ಹಾರ್ನ್.

ಭಾಗ್ಯ ತಾರಸಿಯ ಗೋಡೆಯ ಬಳಿ ಹೋಗಿ ಬಗ್ಗಿದಳು. "ಅಣ್ಣಾ, ಕಾರು ಆಫ್ ಮಾಡು. ನಾನು ಸಹಿ ಹಾಕಲ್ಲ."

"ಏನಂದೆ?"

"ನನ್ನ ಪಾಲು ನನಗಿರ್ಲಿ ಅಂದೆ."

ಎಂಜಿನ್ ನಿಂತಿತು. ಕಾರಿನ ಬಾಗಿಲು ಧಡ್ ಎಂದಿತು. ಅಪ್ಪ ಮೆಟ್ಟಿಲು ಹತ್ತಿ ಬರುವ ಸದ್ದು ಹತ್ತಿರವಾದಾಗ, ಯಶಶ್ರೀ ಒದ್ದೆ ಕೈಯನ್ನು ಕುರ್ತಾಗೆ ಒರೆಸಿಕೊಂಡು ಅತ್ತೆಯ ಪಕ್ಕಕ್ಕೆ ಹೋಗಿ ನಿಂತಳು.