ಹನ್ನೊಂದು ಜೊತೆ ಬೂಟು

ಕೋಚ್ ಮೇಡಂ ಕತ್ತರಿಯನ್ನು ಬೂಟಿನ ಬಾಯಿಗೆ ಇಟ್ಟಿದ್ದೇ ತಡ, ಕ್ಯಾಪ್ಟನ್ ಥಟ್ಟನೆ ಅವರ ಮಣಿಕಟ್ಟು ಹಿಡಿದುಕೊಂಡಳು. ಅವಳ ಮುರಿದ ಬಲಗಾಲು ಬೂಟಿನೊಳಗೇ ಊದಿಕೊಂಡಿತ್ತು. ಲೇಸು ಪೂರ್ತಿ ಬಿಚ್ಚಿದ್ದರೂ ಬೂಟು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. "ಕತ್ತರಿಸಬೇಡಿ ಮೇಡಂ. ಆಮೇಲೆ ಗುಬ್ಬಿ ಏನು ಹಾಕ್ಕೊಂಡು ಆಡ್ತಾಳೆ?"

ಹೆಂಗಸರ ಫುಟ್‌ಬಾಲ್ ತಂಡಕ್ಕಿದ್ದದ್ದು ಹನ್ನೊಂದೇ ಜೊತೆ ಬೂಟು, ಅವೂ ಗಂಡಸರ ತಂಡ ಹಾಕಿ ಬಿಸಾಕಿದವು. ಒಬ್ಬಳು ಹೊರಬಂದರೆ ಅವಳ ಬೂಟನ್ನೇ, ತುದಿಗೆ ತುರುಕಿದ ಪೇಪರಿನ ಸಮೇತ, ಬದಲಿ ಆಟಗಾರ್ತಿ ಹಾಕಿಕೊಂಡು ಒಳಗೆ ಓಡಬೇಕು. ಈಗ ಬದಲಿಗೆ ಇಳಿಯಬೇಕಾದ ಗುಬ್ಬಿ ಕ್ಯಾಪ್ಟನ್ನಿನ ಎಡಗಾಲಿನ ಬೂಟು ಹಾಕಿಕೊಂಡು, ಬಲಗಾಲು ಬರಿದಾಗಿ, ಗೆರೆಯ ಬಳಿ ಅಳುತ್ತ ನಿಂತಿದ್ದಳು. ಆಟ ಸಮಸಮ, ಇನ್ನು ಹತ್ತೇ ನಿಮಿಷ. ಇದ್ದ ಒಬ್ಬ ಡಾಕ್ಟರು ಪಕ್ಕದ ಮೈದಾನದಿಂದ, "ಗಂಡಸರ ಪ್ರಾಕ್ಟೀಸ್ ಮುಗೀಲಿ, ಬರ್ತೀನಿ" ಎಂದು ಹೇಳಿಕಳಿಸಿದ್ದ.

"ಬಿಡಕ್ಕಾ, ಹತ್ತೇ ಜನ ಆಡ್ಲಿ," ಎಂದಳು ಗುಬ್ಬಿ.

"ಇವತ್ತು ಸೋತ್ರೆ ಮುಂದಿನ ವರ್ಷ ತಂಡಾನೇ ಇರಲ್ಲ ಅಂದಿದಾರೆ ಕಣೇ. ಬಾಯ್ಮುಚ್ಚು," ಎಂದಳು ಕ್ಯಾಪ್ಟನ್. "ಮೇಡಂ, ಮೂರು ಎಣಿಸಿ ಎಳೀರಿ."

ಮೇಡಂ ಕತ್ತರಿ ಕೆಳಗಿಟ್ಟು ಬೂಟು ಹಿಡಿದರು. "ಒಂದು" ಎಂದರು. "ಎರಡು" ಎಂದರು. ಮೂರು ಎನ್ನದೆ ಬೂಟಿನಿಂದ ಕೈ ತೆಗೆದುಬಿಟ್ಟರು. ಕ್ಯಾಪ್ಟನ್ ಟವೆಲ್ ಕಚ್ಚಿಕೊಂಡಳು. ಆಟ ಮುಗಿಸಿ ಮನೆಗೆ ಬಂದವರು ಬಾಗಿಲಲ್ಲಿ ನಿಂತು ಬೂಟು ಕಳಚುವ ಹಾಗೆ, ಬರಿಯ ಎಡಗಾಲನ್ನು ಬಲ ಬೂಟಿನ ಹಿಮ್ಮಡಿಗೆ ಒತ್ತಿಟ್ಟು ತಾನೇ ತಳ್ಳಿದಳು.