ಯೋಗೀಶನ ಜಾಗ

ಇಪ್ಪತ್ತಾರನೇ ವಯಸ್ಸಿಗೇ ಕಬಡ್ಡಿ ಬಿಟ್ಟ ರೈಡರ್ ಯೋಗೀಶನ ಹೆಸರೆತ್ತಿದರೆ ಸಾಕು, ಮೈದಾನದ ಕಟ್ಟೆಯ ಮೇಲೆ ಕೂತ ಅವನ ಹಳೆಯ ಅಭಿಮಾನಿಗಳು ನಗುತ್ತಿದ್ದರು.

"ಮೈ ಮುಟ್ಟಿದ್ರೆ ಸ್ಟ್ರೆಚರ್ ಕೇಳ್ತಿದ್ದ!"

"ಆಸ್ಪತ್ರೇಲಿ ಮೊಣಕಾಲು ಕೊಯ್ಸ್ಕೊಳ್ಳೋದೇ ಕೆಲಸ. ಗಾಜಿನ ಗೊಂಬೆ!"

ಎಲ್ಲರಿಗಿಂತ ಜೋರಾಗಿ ನಕ್ಕವನು ಶಿವಲಿಂಗಣ್ಣ. "ಗಂಡಸಾದವ್ನು ಬಿದ್ದು ಎದ್ದು ಆಡ್ಬೇಕು ಕಣ್ರೋ. ಹೇಡಿ ನನ್ಮಗ, ಓಡೋದ."

ಅಷ್ಟರಲ್ಲಿ ಜಿಲ್ಲಾ ತಂಡದ ಕೋಚ್ ಬಂದು, "ಶಿವಲಿಂಗಣ್ಣ, ಯೋಗೀಶನ ಜಾಗಕ್ಕೆ ನಿಮ್ಮ ಮಗನ್ನೇ ತಗೊಂಡಿದೀವಿ" ಎಂದರು.

ಕಟ್ಟೆಯವರೆಲ್ಲ ಚಪ್ಪಾಳೆ ತಟ್ಟಿದರು. ಶಿವಲಿಂಗಣ್ಣ ಕೋಚ್ ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ:

"ಆಡ್ಲಿ ಸಾರ್, ಬೇಡ ಅನ್ನಲ್ಲ. ಎದುರು ತಂಡದೋರ್ಗೆ ಮಾತ್ರ ಒಂದು ಮಾತು ಹೇಳ್ಬಿಡಿ, ನಮ್ಮ ಹುಡುಗನ್ನ ಹಿಡೀಬೇಡ್ರಪ್ಪ ಅಂತ."