ತಟ್ಟದ ಮರ

ರೋಷನ್ ಹೊಸ ಗಿಟಾರಿನ ಮೊದಲ ತಂತಿ ಮೀಟಿದ. ಕಿವಿಗೊಟ್ಟ. ಮತ್ತೊಮ್ಮೆ ಮೀಟಿದ.

"ಆಚಾರ್ರೆ, ಇದ್ಕೆಂತಾಯ್ತ್? ಬಾಯೇ ಬಿಡುದಿಲ್ಲೆ ಅಲೆ."

ಸುಧಾಕರ ಆಚಾರಿ ತಂತಿಯ ಬಿಗಿ ನೋಡುವವನಂತೆ ಬಗ್ಗಿದ. ಉತ್ತರ ಗೊತ್ತಿತ್ತು. ಹೇಳುವಂಥದ್ದಲ್ಲ.

ನೋಡಲು ಗಿಟಾರು ಚೆಂದವೇ ಇತ್ತು. ಪಿಟೀಲಿನಂತೆ ಉಬ್ಬಿದ ಎದೆ, ಉಬ್ಬಿದ ಬೆನ್ನು, ಎದೆಯ ಎರಡು ಬದಿಗೆ ಬಳುಕಿದ ಉದ್ದನೆಯ ಕಂಡಿ. ಹಲಗೆ ಬಗ್ಗಿಸಿದರೆ ಆ ಉಬ್ಬು ಬಾರದು. ದಪ್ಪ ಮರದಿಂದ ಕೆತ್ತಿಯೇ ತೆಗೆಯಬೇಕು. ಬ್ರಹ್ಮಾವರದ ರೋಷನ್ ಅದನ್ನು ಮುಂದಿನ ವಾರ ಗೋವಾಕ್ಕೆ ಒಯ್ದು ದೊಡ್ಡ ವಾದಕರ ನಡುವೆ ನುಡಿಸುವವನಿದ್ದ. ಕಂಡಿಯಿಂದ ಕಾಣುವಂತೆ ಒಳಗೊಂದು ಚೀಟಿ: 'ಸುಧಾಕರ ಆಚಾರಿ, ಬಸ್ರೂರು'. ಮೂವತ್ತು ವರ್ಷ ಬಾಗಿಲ ದಾರಂದ, ಕಿಟಕಿ, ದೈವದ ಮೂರ್ತಿ ಮಾಡಿದವನ ಹೆಸರು ಹೊಳೆ ದಾಟುವುದಿದ್ದರೆ ಈ ಒಂದು ವಾದ್ಯದಿಂದ.

"ಇದ್ನ ಹಿಡ್ಕಂಡ್ ಅಲ್ಲಿಗ್ ಹ್ಯಾಂಗ್ ಹೋಪುದ್?" ರೋಷನ್ ಗಿಟಾರನ್ನು ಮೆಲ್ಲನೆ ಚಾಪೆಯ ಮೇಲೆ ಇಟ್ಟ, ಹೆಣ ಮಲಗಿಸುವಂತೆ. "ನನ್ ಹಳೇದನ್ನೇ ತಕಂಡ್ ಹೋತೆ. ಬೇಜಾರ್ ಮಾಡ್ಬೇಡಿ."

ಬೈಕಿನ ಸದ್ದು ದೂರವಾಯಿತು.

"ನಾನ್ ಅವತ್ತೇ ಹೇಳಿದೆ ಕಾಣಿ" ಎಂದಳು ಹೆಂಡತಿ ಸರೋಜ. "ನೀವ್ ತಟ್ಟಿ ಕಾಣ್ದೆ ಕೆತ್ತುದ್ ನಾನ್ ಕಂಡದ್ದೇ ಇಲ್ಲೆ. ಹೆಣ್ಣ್ ಕಾಂಬುಕ್ ಬಂದಾಗ ನನ್ ಮುಖ ಕಾಂಬು ಮೊದ್ಲ್ ನಮ್ಮನಿ ಕಂಬ ತಟ್ಟಿ ಕಂಡ ಜನ!"

ನಿಜ. ಮರ ಕಂಡರೆ ಸುಧಾಕರನ ಬೆರಳಗಂಟು ಸುಮ್ಮನಿರುತ್ತಿರಲಿಲ್ಲ. ಕಂಡವರ ಮನೆಯ ಮೇಜು, ಮಂಚ, ತೊಟ್ಟಿಲು, ಎಲ್ಲವನ್ನೂ ಒಮ್ಮೆ ತಟ್ಟಿ ಕೇಳಿಸಿಕೊಳ್ಳಬೇಕು. ತಟ್ಟದೆ ಕೆತ್ತಿದ್ದು ಈ ಮರ ಒಂದೇ. ಏಕೆಂದರೆ ಅದು ಅವನದಲ್ಲ. ಹಾಯ್ಗುಳಿ ದೈವದ್ದು.

ಎರಡು ವರ್ಷದ ಹಿಂದೆ ಹೊಳೆಬದಿಯ ಹಾಯ್ಗುಳಿ ಗುಡಿಯ ಮೂರ್ತಿ ಗೆದ್ದಲು ಹಿಡಿದು ಜೀರ್ಣವಾಗಿತ್ತು. ಹೊಸದಕ್ಕೆಂದು ಒಂದು ಹಲಸಿನ ಮರ ಗುರುತಿಸಿ, ಬುಡಕ್ಕೆ ಅಕ್ಕಿ-ಕಾಯಿ ಇಟ್ಟು ಕಡಿದರು. ಉರುಳಿದ ಮರವನ್ನು ಸುಧಾಕರ ಅಲ್ಲೇ ತಟ್ಟಿದ್ದ. ಗಂಟೆಯಂತೆ ಎದ್ದ ನಾದ, ಬಾಲ ಉದ್ದ. ಮನಸ್ಸಿನಲ್ಲೇ ಎಣಿಸಿದ. ಒಂಬತ್ತರವರೆಗೆ ನಿಂತಿತು. ಅಂಥದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಒಣಗಲು ಮರ ಗುಡಿಯ ಮೊಕ್ತೇಸರ ರಾಜೀವ ಶೆಟ್ಟರ ಅಂಗಳಕ್ಕೆ ಹೋಯಿತು. ಅಲ್ಲಿ ಹೊಸ ಮನೆಯ ಕೆಲಸ ನಡೆದಿತ್ತು. ವರ್ಷ ಕಳೆದು, ಚೌಕವಾಗಿ ಕೊಯ್ದ ದಿಮ್ಮಿ ಮೈತುಂಬ ಗಂಧ ಮೆತ್ತಿಕೊಂಡು, ಕೆಂಪು ಪಟ್ಟೆವಸ್ತ್ರ ಹೊದ್ದು, ಚೆಂಡೆಯ ಸದ್ದಿನೊಂದಿಗೆ ಸುಧಾಕರನ ಕೆಲಸದ ಕೊಟ್ಟಿಗೆಗೆ ಬಂತು.

"ಹ್ವಾಯ್ ಆಚಾರ್ರೆ!" ತಟ್ಟಲು ಎತ್ತಿದ ಸುಧಾಕರನ ಕೈಯನ್ನು ಶೆಟ್ಟರು ಹಿಡಿದುಕೊಂಡರು. "ನಿಮ್ ಅಭ್ಯಾಸ ನಂಗ್ ಗೊತ್ತಿತ್ತ್. ತಟ್ಟುಕಾಗ. ಅದ್ರೊಳ್ಗೆ ಇನ್ ಅವ್ರ್ ಕೂತಾಯ್ತ್. ಉಳಿ ಹಾಕುದ್ ಸೇವೆ, ತಟ್ಟಿ ಕಾಂಬುದ್ ಪರೀಕ್ಷೆ. ದೈವದ್ ಪರೀಕ್ಷೆ ಮಾಡುಕ್ ನಾವ್ಯಾರ್?"

ಸುಧಾಕರ ಗಲ್ಲ ಬಡಿದುಕೊಂಡ.

"ಹೊಸ ಮನಿ ಒಕ್ಲಿಗ್ ಬರ್ಕ್ ನೀವ್. ಬಾಗ್ಲ್ ಎಲ್ಲ ಕಾರ್ಕಳ ಬದಿಯವ್ರ ಹತ್ರ ಮಾಡ್ಸಿದೆ. ದೈವದ್ ಕೆಲ್ಸ ಹಿಡ್ದವ್ರಿಗ್ ತ್ರಾಸ್ ಕೊಡುದ್ ಬ್ಯಾಡ ಅಂದೇಳಿ."

ಇಂಥ ಗಿಟಾರಿನ ಎದೆಗೆ ಸ್ಪ್ರೂಸ್, ಬೆನ್ನಿಗೆ ಮೇಪಲ್ ಅನ್ನುತ್ತದೆ ಪುಸ್ತಕ. ಎರಡೂ ಪರದೇಶದ ಮರ. ವೀಣೆಗೆ ಸಾಕಾದ ಹಲಸು ಗಿಟಾರಿಗೆ ಸಾಲದೆ ಎಂದು ರೋಷನ್‌ನನ್ನು ಒಪ್ಪಿಸಿದ್ದು ಸುಧಾಕರನೇ. ಅದಕ್ಕೆಂದು ಅಟ್ಟದ ಮೇಲೆ ಅಜ್ಜ ಇಟ್ಟುಹೋದ ಹಲಸಿನ ದಿಮ್ಮಿಯಿತ್ತು. ಅರುವತ್ತು ವರ್ಷ ಒಲೆಯ ಹೊಗೆ ಕುಡಿದದ್ದು. ತಟ್ಟಿದರೆ ಏಳರವರೆಗೆ ನಿಲ್ಲುತ್ತಿತ್ತು.

ಏಳು ಸಾಕಿತ್ತು. ಒಂಬತ್ತು ಕೇಳಿದ ಕಿವಿ ಒಪ್ಪಲಿಲ್ಲ.

ಅಜ್ಜನ ದಿಮ್ಮಿ ಹಾಯ್ಗುಳಿಯಾಯಿತು. ಹಾಯ್ಗುಳಿಯ ದಿಮ್ಮಿ ಗಿಟಾರಾಯಿತು. ಕದ್ದದ್ದಲ್ಲ, ಅದಲು ಬದಲು ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಭಯಭಕ್ತಿ ಬಿಡಲಿಲ್ಲ. ಬೆಳಿಗ್ಗೆ ದೀಪ ಹಚ್ಚಿ, ಮರಕ್ಕೆ ಕೈಮುಗಿದು, ಬರೀ ಕಣ್ಣಳತೆಯಲ್ಲಿ ಎದೆ ಕೆತ್ತಿದ, ಬೆನ್ನು ಕೆತ್ತಿದ. ಒಮ್ಮೆಯೂ ತಟ್ಟಲಿಲ್ಲ.

ಪ್ರತಿಷ್ಠೆಯ ದಿನ ಊರೆಲ್ಲ ಹೊಸ ಮೂರ್ತಿಯನ್ನು ಕಣ್ತುಂಬ ನೋಡಿತು. ತಲೆ ಎತ್ತದವರು ಇಬ್ಬರೇ: ಸುಧಾಕರ, ಮತ್ತು ಕೈಮುಗಿದು ಭಕ್ತಿಯಲ್ಲಿ ಮುಳುಗಿದ್ದ ಶೆಟ್ಟರು. ಆ ಭಕ್ತಿಯನ್ನು ಕಂಡು ಸುಧಾಕರನಿಗೆ ಎದೆ ಚುಚ್ಚಿತು. ಅವರ ಗೃಹಪ್ರವೇಶಕ್ಕೂ ಹೋಗಲಾಗಲಿಲ್ಲ.

ದೈವ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಮಾತಾಡುವುದು ತನ್ನ ಹೊತ್ತಿಗೆ. ಈಗ ಗಿಟಾರಿನ ಬಾಯಿ ಕಟ್ಟಿ ಮಾತಾಡಿತ್ತು.

ಸುಧಾಕರ ಚಾಪೆಯ ಬಳಿ ಕುಳಿತು ಸರೋಜಳಿಗೆ ಎಲ್ಲ ಹೇಳಿದ. ಶೆಟ್ಟರ ಮುಂದೆ ಕಾಯಿ ಇಟ್ಟು ತಪ್ಪೊಪ್ಪಿಕೊಳ್ಳುತ್ತೇನೆ ಎಂದ.

"ಶೆಟ್ರಿಗ್ ಹೇಳಿರೆ ನಾಳೆಯಿಂದ ಈ ಕೊಟ್ಗಿಗೆ ಒಬ್ರೂ ಮರ ತರುದಿಲ್ಲೆ. ಗೊತ್ತಿತ್ತಾ?"

"ಗೊತ್ತಿತ್ತ್."

"ಹಂಗಾರೆ ಕಾಯಿ ಬರೀ ಕೈಯಗೆ ಹಿಡ್ಕಂಡ್ ಹೋಪುದ್ ಬ್ಯಾಡ" ಎಂದು ಅವಳು ತಪ್ಪುಕಾಣಿಕೆಯ ತೆಂಗಿನಕಾಯಿಯನ್ನು ಮಡಿಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಶೆಟ್ಟರ ಹೊಸ ಮನೆ ಹೊಳೆಯಾಚೆ. ಜಗಲಿ ಹತ್ತಿ ಬೆಲ್ ಒತ್ತಿದ. ಸದ್ದಿಲ್ಲ, ಕರೆಂಟು ಹೋಗಿತ್ತು. ಎದುರಿಗೆ ಮಾವಿನೆಲೆಯ ತೋರಣ ಬಾಡಿ ಇನ್ನೂ ತೂಗುತ್ತಿದ್ದ ದೊಡ್ಡ ಬಾಗಿಲು. ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತನ್ನು ಮತ್ತೊಮ್ಮೆ ಹೇಳಿಕೊಂಡ: "ಶೆಟ್ರೆ, ದೈವದ್ ಮರ ಕದ್ದವ ನಾನ್."

ಕಾಯಿಯ ಗಂಟನ್ನು ಎಡಗೈಗೆ ಬದಲಿಸಿ, ಬೆರಳಗಂಟಿನಿಂದ ಬಾಗಿಲು ತಟ್ಟಿದ.

"ಯಾರ್ ಅದ್? ಬತ್ತೆ, ನಿಲ್ಲಿ" ಎಂದರು ಒಳಗಿನಿಂದ ಶೆಟ್ಟರು.

ಸುಧಾಕರನಿಗೆ ಅದು ಕೇಳಿಸಲಿಲ್ಲ. ಬಾಗಿಲಿನ ನಾದ ಗಂಟೆಯಂತೆ ಎದ್ದು ಬಾಲ ಎಳೆಯುತ್ತಿತ್ತು, ಅವನು ಎಣಿಸುತ್ತಿದ್ದ: ಏಳು, ಎಂಟು, ಒಂಬತ್ತು.